ಫ್ರಾನ್ಸ್‌ನ ದ್ರಾಕ್ಷಿ ತೋಟಗಳ ನಡುವೆ ಸ್ಪೋರ್ಟ್ಸ್ ಕಾರ್: ಯಾವ ರಸ್ತೆ ಹಿಡಿಯಲಿ?

ಆಲ್ದೂರು ತೋಟ:

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ಫ್ರಾನ್ಸ್‌ಗೆ ಹೊರಟಿದ್ದೇವೆ. ನವೆಂಬರ್ ಬಂತು ಅಂದರೆ ಅರೇಬಿಕಾ ಕಾಫಿ ಕುಯ್ಲು, ಆಮೇಲೆ ರೋಬಸ್ಟಾ. ತೋಟ ಬಿಟ್ಟು ಅಲ್ಲಾಡುವ ಹಾಗಿಲ್ಲ.

ಬಹಳ ವರ್ಷದ ಆಸೆ ಒಂದಿದೆ. ಆಲ್ಪೀನ್ ಎ110 ಅನ್ನುವ ಫ್ರೆಂಚ್ ಸ್ಪೋರ್ಟ್ಸ್ ಕಾರು ಬಾಡಿಗೆಗೆ ತಗೊಂಡು ಬರ್ಗಂಡಿಯ ದ್ರಾಕ್ಷಿ ತೋಟಗಳ ನಡುವೆ ಓಡಿಸಬೇಕು. ದಿಜೋನ್‌ನಿಂದ ಸಾಂತ್ನೆವರೆಗಿನ ಗ್ರಾಂ ಕ್ರೂ (ಅತ್ಯುತ್ತಮ ದರ್ಜೆಯ ದ್ರಾಕ್ಷಿ ತೋಟಗಳ) ರಸ್ತೆ ನೋಡಿಟ್ಟಿದ್ದೇನೆ. ಚಾರ್ಮಾಡಿ, ಕೈಮರದ ತಿರುವುಗಳಲ್ಲಿ ಕಾರು ಓಡಿಸಿ ಅಭ್ಯಾಸ ಇದೆ, ಬಲಗಡೆ ಓಡಿಸಿ ಇಲ್ಲ. ಹೆಂಡತಿಗೆ ಕಾರಿಗಿಂತ ಅವರ ಬೇಸಾಯ ನೋಡುವ ಆಸೆ ಜಾಸ್ತಿ. ಇಬ್ಬರಿಗೂ ವೈನ್ ರುಚಿ ನೋಡಬೇಕು. ವಾರ ಪೂರ್ತಿ ಅಲ್ಲೇ ಇದ್ದರೆ ಸಾಕಾ, ಬೇರೆ ಕಡೆಗೂ ಹೋಗಬೇಕಾ? ಓಡಿಸಿ ಬಂದವರು ಹೇಳಿ.

ಕೆಎ18 ಡ್ರೈವರ್:

ಮೊದಲು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಪರಿವಾಹನ್ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಿ, ನಮ್ಮ ಚಿಕ್ಕಮಗಳೂರು ಆರ್‌ಟಿಒದಲ್ಲೇ ಆಗುತ್ತದೆ. ಒಂದು ವರ್ಷ ಚಾಲ್ತಿ. ಊರಿನ ಲೈಸೆನ್ಸೂ ಜೊತೆಯಲ್ಲಿರಲಿ. ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಅದು ಕಾರು ಓಡಿಸುವವರ ಹೆಸರಲ್ಲೇ ಇರಬೇಕು.

ಶಿರಾಡಿ ತಿರುವು, ಹಾಸನ:

ಸರ್, ನಾನು ಬರ್ಗಂಡಿ, ಫ್ರಾನ್ಸ್‌ನ ಪೂರ್ವ ಗಡಿಯ ಅಲ್ಸಾಸ್ ಎರಡೂ ಕಡೆ ಓಡಿಸಿದ್ದೇನೆ. ಒಂದೇ ಮಾತು ಹೇಳುತ್ತೇನೆ: ಕಾರಿನ ದಿನ ಬೇರೆ, ವೈನ್ ದಿನ ಬೇರೆ ಮಾಡಿಕೊಳ್ಳಿ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಎರಡೂ ಕೈತಪ್ಪುತ್ತವೆ.

ಗ್ರಾಂ ಕ್ರೂ ರಸ್ತೆ 1937ರಿಂದ ಇದೆ, ಸುಮಾರು 60 ಕಿ.ಮೀ. ವೇಗಕ್ಕೆ ಹೇಳಿ ಮಾಡಿಸಿದ್ದಲ್ಲ. ಕೆಳಗಡೆ ಡಿ974 ಅನ್ನುವ ದೊಡ್ಡ ರಸ್ತೆ, ಅದರ ಮೇಲ್ಗಡೆ ಇಳಿಜಾರಿನಲ್ಲಿ ಡಿ122 ಅನ್ನುವ ಸಣ್ಣ ರಸ್ತೆ. ನೀವು ಹಿಡಿಯಬೇಕಾದ್ದು ಮೇಲಿನದು. ಜೆವ್ರೆ-ಶಾಂಬೆರ್ತಾ ದಾಟಿದ ಮೇಲೆ ಒಂದು ಕಡೆ ನಿಲ್ಲಿಸಿ ಇಳಿದು ನೋಡಿ. ಮೊಣಕಾಲೆತ್ತರದ ಕಲ್ಲುಗೋಡೆ, ಅದಕ್ಕಂಟಿಕೊಂಡೇ ಬಳ್ಳಿ. ಸಾಲಿಂದ ಸಾಲಿಗೆ ಒಂದೇ ಮೀಟರ್. ಹೆಕ್ಟೇರಿಗೆ ಸುಮಾರು 10,000 ಬಳ್ಳಿ, ಅಂದರೆ ಎಕರೆಗೆ 4,000. ನಮ್ಮಲ್ಲಿ ಆರಡಿಗೆ ಆರಡಿ ಹಾಕಿದರೂ ಎಕರೆಗೆ 1,200 ಅರೇಬಿಕಾ ಗಿಡ ಅಲ್ವಾ? ಮೇಡಂ ಅವರಿಗೆ ಅಲ್ಲೇ ಅರ್ಧ ದಿನ ಹೋಗುತ್ತದೆ ನೋಡಿ!

ಆ ಸಾಲುಗಳಲ್ಲಿ ಮಾಮೂಲಿ ಟ್ರ್ಯಾಕ್ಟರ್ ನುಗ್ಗಲ್ಲ. ಅವರ ಟ್ರ್ಯಾಕ್ಟರ್‌ಗೆ ಉದ್ದುದ್ದ ಕಾಲು. ಬಳ್ಳಿ ಸಾಲು ಹೊಟ್ಟೆ ಕೆಳಗೆ ಹೋಗುತ್ತದೆ, ಡ್ರೈವರ್ ಮೇಲೆಲ್ಲೋ ಕೂತಿರುತ್ತಾನೆ. ನೀವು ಹೋಗುವ ಸೆಪ್ಟೆಂಬರ್ ಹೆಚ್ಚಾಗಿ ಅಲ್ಲಿನ ಕೊಯ್ಲಿನ ಕಾಲ. ಈ ಟ್ರ್ಯಾಕ್ಟರ್, ದ್ರಾಕ್ಷಿ ತುಂಬಿದ ಟ್ರೇಲರ್ ಎಲ್ಲ ಓಣಿಗಳಿಂದ ಸಡನ್ನಾಗಿ ರಸ್ತೆಗೆ ಬರುತ್ತವೆ. ಇನ್ನೊಂದು ವಿಷಯ. ಬೋರ್ಡ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೇ ಮೊದಲು ದಾರಿ. ಸಣ್ಣ ಸಂದಿಯಿಂದ ಬಂದರೂ ಅಷ್ಟೇ. ಆಲ್ಪೀನ್‌ನಲ್ಲಿ ಕೂರುವುದು ತೀರಾ ತಗ್ಗಿನಲ್ಲಿ, ಗೋಡೆಯಾಚೆ ಕಾಣಿಸುವುದಿಲ್ಲ. ಹಳ್ಳಿ ಒಳಗೆ ನಿಧಾನ ಹೋಗಿ.

ಅದೇ ರಸ್ತೆಯ ವುಜೋ ಹಳ್ಳಿಯಲ್ಲಿ ಮಠದ ಸನ್ಯಾಸಿಗಳು ಕಟ್ಟಿದ ಹಳೇ ಗೋಡೆ ಇದೆ. ಅದರೊಳಗೆ 50 ಹೆಕ್ಟೇರ್ ತೋಟ, 80ಕ್ಕೂ ಜಾಸ್ತಿ ಒಡೆಯರು. ಒಂದೇ ತೋಟ, ಆದರೆ ಒಬ್ಬೊಬ್ಬರ ವೈನ್ ಒಂದೊಂದು ಥರ. ಪಾಲಾದ ತೋಟ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಈಗ ಕುಡಿಯುವ ವಿಚಾರ. ಕಾರು ಓಡಿಸುವವರಿಗೆ ಅಲ್ಲಿನ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್, ನಮ್ಮಲ್ಲಿ 0.3. ಅಲ್ಲಿ ಜಾಸ್ತಿ ಇದೆ ಅಂತ ಧೈರ್ಯ ಮಾಡಬೇಡಿ. ಒಂದೊಂದು ಗುಟುಕೇ ಕೊಡುತ್ತಾರೆ, ಆದರೆ ಏಳೆಂಟು ಬಗೆ ಮುಂದೆ ಇಡುತ್ತಾರೆ. ಕಾಫಿ ಕಪ್ಪಿಂಗ್‌ನಲ್ಲಿ, ಅಂದರೆ ರುಚಿ ಪರೀಕ್ಷೆಯಲ್ಲಿ, ಉಗುಳುವುದು ನಿಮಗೆ ಗೊತ್ತೇ ಇದೆ, ಅಲ್ಲೂ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಯಾರೂ ತಪ್ಪು ತಿಳಿಯಲ್ಲ. ಆದರೂ ನನ್ನ ಕೇಳಿದರೆ ವೈನ್ ದಿನ ಕಾರಿನ ಬೀಗದ ಕೈ ರೂಮಲ್ಲೇ ಇರಲಿ. ಬೋನ್ ಊರಲ್ಲಿ ರೂಮ್ ಮಾಡಿ. ಅಲ್ಲಿಂದ ನ್ವಿ-ಸಾಂ-ಜೋರ್ಜ್, ದಿಜೋನ್‌ಗೆ ಟ್ರೈನ್ ಇದೆ. ವೈನ್ ಮನೆಗಳಿಗೆ ಮೊದಲೇ ಬರೆದು ಟೈಮ್ ತಗೊಳ್ಳಿ. ಮಧ್ಯಾಹ್ನ ಹನ್ನೆರಡರಿಂದ ಎರಡು ಊಟದ ಹೊತ್ತು, ಬಾಗಿಲು ಹಾಕಿರುತ್ತಾರೆ. ಆ ಹೊತ್ತಲ್ಲಿ ಬೋನ್‌ನ 1443ರ ಧರ್ಮಾಸ್ಪತ್ರೆ ನೋಡಿ. ಬಣ್ಣದ ಹೆಂಚಿನ ಮಾಡು ನೋಡಿದಷ್ಟೂ ಸಾಲದು.

ಇನ್ನು ಕಾರಿನ ದಿನ. ಅದಕ್ಕೆ ಅಲ್ಸಾಸ್‌ಗೆ ಹೋಗಲೇಬೇಕು. ಬೋನ್‌ನಿಂದ ಮುಲೂಸ್‌ಗೆ ಎ36 ಹೆದ್ದಾರಿಯಲ್ಲಿ ಸುಮಾರು 230 ಕಿ.ಮೀ. ಅಲ್ಸಾಸ್‌ನಲ್ಲಿ ಬೆಟ್ಟದ ಕೆಳಗಡೆ 170 ಕಿ.ಮೀ. ವೈನ್ ರಸ್ತೆ ಇದೆ, ಚೆನ್ನಾಗಿದೆ, ಆದರೆ ಜನ ಜಾಸ್ತಿ. ನೀವು ವೋಜ್ ಬೆಟ್ಟ ಹತ್ತಿ. ಥಾನ್ ಕಡೆಯಿಂದ ಗ್ರಾಂ ಬಲೋಂ ಶಿಖರ, 1,424 ಮೀಟರ್. ಅಲ್ಲಿಂದ ಬೆಟ್ಟದ ನೆತ್ತಿ ಮೇಲೇ ಸಾಗುವ ರೂಟ್ ದೆ ಕ್ರೆತ್. ಒಂದನೇ ಮಹಾಯುದ್ಧದಲ್ಲಿ ಜರ್ಮನ್ನರ ಕಣ್ಣಿಗೆ ಬೀಳದೆ ಸಾಮಾನು ಸಾಗಿಸಲು ಫ್ರೆಂಚ್ ಸೈನ್ಯ ಮಾಡಿದ ದಾರಿ. ಹುಲ್ಲುಗಾವಲು, ದನಗಳ ಗಂಟೆ, ತಿರುವಿನ ಮೇಲೆ ತಿರುವು. 1,100 ಕೆ.ಜಿ. ಕಾರು ಅಲ್ಲಿ ಹೇಗೆ ತಿರುಗುತ್ತದೆ ಅಂತ ಬರೆದು ತಿಳಿಸುವುದು ಕಷ್ಟ. ಸ್ಟೀರಿಂಗ್ ಒಂಚೂರು ತಿರುಗಿಸಿ, ಮೂತಿ ಆಗಲೇ ಒಳಗೆ ಹೋಗಿರುತ್ತದೆ. ಭಾನುವಾರ ಮಾತ್ರ ಬೇಡ, ಬೈಕಿನವರೇ ತುಂಬಿರುತ್ತಾರೆ.

ಮುಲೂಸ್‌ನ ಕಾರ್ ಮ್ಯೂಸಿಯಂ ಬಿಡಬೇಡಿ. ಬುಗಾಟ್ಟಿ ರಾಯಲ್ ಕಾರು ಜಗತ್ತಿನಲ್ಲಿ ಉಳಿದಿರುವುದೇ ಆರು, ಎರಡು ಅಲ್ಲಿವೆ. ಬುಗಾಟ್ಟಿ 1909ರಲ್ಲಿ ಶುರುವಾದ ಮೋಲ್ಸೈಮ್ ಕೂಡ ಅದೇ ವೈನ್ ರಸ್ತೆಯಲ್ಲಿದೆ.

ಹೇಮಾವತಿ ದಂಡೆ:

ಎಲ್ಲ ಸರಿ, ಆದರೆ ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ಮೇಲ್ಚಾವಣಿ ಮುಚ್ಚಿದ ಕಾರು ಯಾಕೆ? ಮಾಜ್ದಾ ಎಂಎಕ್ಸ್-5 ತಗೊಳ್ಳಿ, ಮಾಡು ತೆಗೆದು ಹೋಗಿ. ಬಾಡಿಗೆಯೂ ಕಡಿಮೆ. ನಮ್ಮ ಕಾಫಿ ಹೂವಿನ ಕಾಲದಲ್ಲಿ ಕಿಟಕಿ ಹಾಕಿಕೊಂಡು ಯಾರಾದರೂ ಹೋಗುತ್ತಾರಾ?

ಶಿರಾಡಿ ತಿರುವು, ಹಾಸನ:

ಬರ್ಗಂಡಿಗೆ ಮಾತ್ರ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ವೋಜ್ ಬೆಟ್ಟಕ್ಕೆ ನನ್ನ ಓಟು ಆಲ್ಪೀನ್‌ಗೇ. ಯಾವುದೇ ತಗೊಂಡರೂ ದಿನಕ್ಕೆ ಎಷ್ಟು ಕಿ.ಮೀ. ಮಿತಿ ಅಂತ ಮೊದಲೇ ಕೇಳಿ.

ಆಲ್ದೂರು ತೋಟ:

ತುಂಬಾ ಉಪಕಾರ ಆಯ್ತು. ಬೋನ್‌ನಲ್ಲಿ ಮೂರು ರಾತ್ರಿ, ಆಮೇಲೆ ಅಲ್ಸಾಸ್‌ನ ಕೋಲ್ಮಾರ್‌ನಲ್ಲಿ ಮೂರು ಅಂತ ಇಟ್ಟುಕೊಳ್ಳುತ್ತೇವೆ. ಸೂಟ್‌ಕೇಸ್ ಹಿಡಿಯುತ್ತಾ ಎ110ನಲ್ಲಿ? ಊರಿಗೆ ಎಷ್ಟು ಬಾಟಲಿ ತರಬಹುದು?

ಶಿರಾಡಿ ತಿರುವು, ಹಾಸನ:

ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆ ಬ್ಯಾಗ್ ತನ್ನಿ. ಮುಂದೊಂದು, ಹಿಂದೊಂದು ಡಿಕ್ಕಿ, ಎರಡೂ ಸಣ್ಣವೇ. ಎಂಜಿನ್ ಸೀಟಿನ ಹಿಂದೆ ಇರುವುದರಿಂದ ಹಿಂದಿನ ಡಿಕ್ಕಿ ಬಿಸಿಯಾಗುತ್ತದೆ. ಬಾಟಲಿ ಮುಂದೆ ಇಡಿ, ಬಟ್ಟೆ ಹಿಂದೆ. ಕಸ್ಟಮ್ಸ್‌ನಲ್ಲಿ ತಲಾ 2 ಲೀಟರ್‌ಗೆ ಸುಂಕ ಇಲ್ಲ. 750 ಎಂಎಲ್ ಬಾಟಲಿ ಒಬ್ಬೊಬ್ಬರಿಗೆ ಎರಡು. ಹೊರಡುವ ಮುಂಚೆ ಒಂದು ಸಲ ಹಾಸನಕ್ಕೆ ಬನ್ನಿ, ನನ್ನ ಮ್ಯಾಪ್‌ನಲ್ಲಿ ನಿಲ್ಲಬೇಕಾದ ಜಾಗ ಎಲ್ಲ ಗುರುತು ಹಾಕಿ ಕೊಡುತ್ತೇನೆ.