ಕಾರಿಲ್ಲದೆ ಬೆಂಗಳೂರು: ಒಬ್ಬರಿಗೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಬ್ಬರಿಗೆ ವೈಟ್‌ಫೀಲ್ಡ್. ಮನೆ ಎಲ್ಲಿ ಹಿಡಿಯೋದು?

ತುಂಗಾತೀರ:
ಶಿವಮೊಗ್ಗದಿಂದ ಬೆಂಗಳೂರಿಗೆ ಬರ್ತಿದ್ದೇವೆ. ನನ್ನ ಆಫೀಸು ಎಲೆಕ್ಟ್ರಾನಿಕ್ ಸಿಟಿ ಒಂದನೇ ಹಂತ, ಹೆಂಡತಿಯದು ವೈಟ್‌ಫೀಲ್ಡ್‌ನ ಐಟಿಪಿಎಲ್. ಜೊತೆಗೆ ಮಂಡಿನೋವಿರುವ ಅಮ್ಮ. ಸ್ಕೂಟರ್ ಒಂದಿದೆ, ಕಾರು ಸದ್ಯಕ್ಕೆ ಬೇಡ ಅಂದುಕೊಂಡಿದ್ದೇವೆ. ಇಬ್ಬರಿಗೂ ಮಧ್ಯ ಆಗುತ್ತೆ ಅಂತ ಮಾರತ್ತಹಳ್ಳಿ, ಬೆಳ್ಳಂದೂರು ಕಡೆ ಮನೆ ನೋಡ್ತಿದ್ದೇವೆ. ಬಸ್ಸು, ಮೆಟ್ರೊ ನಂಬಿಕೊಂಡು ಆಗುತ್ತಾ? ತಿಂಗಳಿಗೆ ಎಷ್ಟು ಬೀಳಬಹುದು?

ನಾಲ್ಕನೇ ಬ್ಲಾಕ್:
ಆಗುತ್ತೆ, ಆದರೆ ಮಾರತ್ತಹಳ್ಳಿಯಲ್ಲಿ ಅಲ್ಲ. ಮ್ಯಾಪಿನಲ್ಲಿ ಅದು ಮಧ್ಯ, ಕಾರಿಲ್ಲದವರಿಗೆ ಮೂಲೆ. ಹೊರವರ್ತುಲ ರಸ್ತೆಯ ಮೆಟ್ರೊ ನಂಬಿ ಈಗಲೇ ಮನೆ ಹಿಡಿಯಬೇಡಿ. ಅಲ್ಲಿ ನಿಮಗೆ ಸಿಗುವುದು 500ಡಿ ಥರದ ಬಸ್ಸು. ಬಸ್ಸುಗಳೇನೋ ಬೇಕಾದಷ್ಟಿವೆ, ಕೊರತೆ ರಸ್ತೆಯದು. ಸಂಜೆ ಸಿಲ್ಕ್ ಬೋರ್ಡ್‌ನಿಂದ ಬೆಳ್ಳಂದೂರು ದಾಟಲು ಇಂತಿಷ್ಟೇ ಹೊತ್ತು ಅಂತ ಹೇಳೋಕೆ ಬರಲ್ಲ.

ಕಿಲೋಮೀಟರ್ ಬಿಡಿ, ಮೆಟ್ರೊ ಮಾರ್ಗ ನೋಡಿ. ಹಳದಿ ಮಾರ್ಗ (ಆರ್.ವಿ. ರಸ್ತೆ–ಬೊಮ್ಮಸಂದ್ರ) 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಅದು ಹಸಿರು ಮಾರ್ಗವನ್ನು ಆರ್.ವಿ. ರಸ್ತೆಯಲ್ಲಿ ಕೂಡುತ್ತೆ, ಹಸಿರು ಮಾರ್ಗ ವೈಟ್‌ಫೀಲ್ಡ್ ಕಡೆ ಹೋಗುವ ನೇರಳೆಯನ್ನು ಮೆಜೆಸ್ಟಿಕ್‌ನಲ್ಲಿ. ಹಾಗಾಗಿ ಜಯನಗರ, ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್ ಸುತ್ತ ಮನೆ ಹುಡುಕಿ. ನೀವು ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿ ಎಲೆಕ್ಟ್ರಾನಿಕ್ ಸಿಟಿ ಅಥವಾ ಕೋನಪ್ಪನ ಅಗ್ರಹಾರದಲ್ಲಿ ಇಳಿಯಿರಿ, ಆಫೀಸಿನ ಗೇಟಿಗೆ ಯಾವುದು ಹತ್ತಿರವೋ ಅದು. ಹೆಂಡತಿಯವರು ಮೆಜೆಸ್ಟಿಕ್‌ನಲ್ಲಿ ಬದಲಿಸಿ ಪಟ್ಟಂದೂರು ಅಗ್ರಹಾರಕ್ಕೆ. ಐಟಿಪಿಎಲ್‌ಗೆ ಅದೇ ನಿಲ್ದಾಣ.

ಖರ್ಚು: ಮೆಟ್ರೊ ಗರಿಷ್ಠ ದರ 90 ರೂ. 25 ಕಿ.ಮೀ. ದಾಟುವುದರಿಂದ ಅವರಿಗೆ ಅಷ್ಟೇ ಹಿಡಿಯಿರಿ. ಸ್ಮಾರ್ಟ್ ಕಾರ್ಡ್‌ಗೆ ಶೇ 5 ರಿಯಾಯಿತಿ, ಅಂದರೆ 85.50. ತಿಂಗಳಿಗೆ 22 ದಿನ, ಹೋಗಿಬರಲು 3,762. ಬೆಳಿಗ್ಗೆ 8ರ ಒಳಗೆ ಹೊರಟರೆ ಇನ್ನೂ ಶೇ 5 ಕಡಿಮೆ. ನಿಮ್ಮದು ಅದಕ್ಕಿಂತ ಸಾಕಷ್ಟು ಕಮ್ಮಿ. ಕಾರ್ಡಿನಲ್ಲಿ ಕನಿಷ್ಠ 90 ರೂ. ಇಲ್ಲದಿದ್ದರೆ ಗೇಟು ತೆರೆಯಲ್ಲ. ತಿಂಗಳ ಕೊನೆಯಲ್ಲಿ ಕ್ಯೂ ಹಿಂದೆ ಬೈಸಿಕೊಳ್ಳುವವರೆಲ್ಲ ಇದೇ ಕೇಸು.

ಕಿಟಕಿ ಸೀಟು:
ಮೇಲಿನವರು ಹೇಳಿದ್ದು ಸರಿ, ಆದರೆ ಆ ಲೆಕ್ಕದಲ್ಲಿ ಪಾಡು ಪೂರ್ತಿ ಹೆಂಡತಿಯವರದು. ಮೆಜೆಸ್ಟಿಕ್‌ನಿಂದ ಪಟ್ಟಂದೂರಿಗೇ ಮುಕ್ಕಾಲು ಗಂಟೆ ಆಗುತ್ತೆ, ಅದರ ಹಿಂದೆ ಹಸಿರು ಮಾರ್ಗದ ಪ್ರಯಾಣ, ಮುಂದೆ ನಡಿಗೆ. ಲಾಲ್‌ಬಾಗ್‌ನಲ್ಲಿ ಮನೆ ಹಿಡಿದರೂ ಜಯನಗರಕ್ಕಿಂತ ಕೆಲವೇ ನಿಮಿಷ ಉಳಿತಾಯ, ಅದಕ್ಕಾಗಿ ಬಾಡಿಗೆ ಜಾಸ್ತಿ ಕೊಡಬೇಡಿ. ಅವರಿಗೆ ವಾರಕ್ಕೆ ಎರಡು ಮೂರು ದಿನ ಮನೆಯಿಂದ ಕೆಲಸ ಇದ್ದರೆ ಜಯನಗರ ಸರಿ. ದಿನಾ ಹೋಗಬೇಕಿದ್ದರೆ ಇಂದಿರಾನಗರ ಅಥವಾ ಬೈಯಪ್ಪನಹಳ್ಳಿ ಕಡೆ ಹಿಡಿದು, ಎರಡು ಸಲ ರೈಲು ಬದಲಿಸುವ ಕಷ್ಟ ನೀವು ತಗೊಳ್ಳಿ.

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಕೆಳಗಿದೆ, ನೇರಳೆ ಅದರ ಮೇಲೆ. ಬೆಳಿಗ್ಗೆ ಎಸ್ಕಲೇಟರ್ ಬುಡದಲ್ಲೇ ಜನ ಕಟ್ಟಿಕೊಳ್ಳುತ್ತಾರೆ, ಬದಲಾವಣೆಗೆ ಹತ್ತು ನಿಮಿಷ ತೆಗೆದಿಡಿ. ಮೊದಲನೇ ಬೋಗಿ ಮಹಿಳೆಯರದು. ನೇರಳೆಯಲ್ಲಿ ಎಲ್ಲ ರೈಲೂ ಕಾಡುಗೋಡಿವರೆಗೆ ಹೋಗಲ್ಲ, ಕೆಲವು ನಡುವೆಯೇ ತಿರುಗುತ್ತವೆ. ಹತ್ತುವ ಮುಂಚೆ ಬೋರ್ಡಿನಲ್ಲಿ ಕೊನೆಯ ನಿಲ್ದಾಣ ಓದಿ.

ಚಿಲ್ಲರೆ ಕೊಡಿ:
ಬಸ್ಸಿನ ವಿಷಯ ಯಾರೂ ಹೇಳಲಿಲ್ಲ. ಹೆಂಗಸರಿಗೆ ಫ್ರೀ ಪ್ರಯಾಣದ ಶಕ್ತಿ ಯೋಜನೆ ಮೆಟ್ರೊಗೆ ಇಲ್ಲ, ಬಿಎಂಟಿಸಿಯ ಸಾಮಾನ್ಯ ಬಸ್ಸಿಗಿದೆ. ಎಸಿ ವಜ್ರ, ಏರ್‌ಪೋರ್ಟಿನ ವಾಯು ವಜ್ರಕ್ಕೆ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು. ಫ್ರೀ ಅಂತ ಸುಮ್ಮನೆ ಕೂತರೆ ಚೆಕಿಂಗ್‌ನವರು ಹತ್ತಿದಾಗ ಕಿರಿಕಿರಿ. ಮೆಟ್ರೊ ಕೈಕೊಟ್ಟ ದಿನ ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ 335ಇ ಇದೆ. ನಿಧಾನ, ಆದರೆ ತಲುಪಿಸುತ್ತೆ.

ನಿಮಗೆ ಸಾಮಾನ್ಯ ಬಸ್ಸಿನ ದಿನದ ಪಾಸು 80, ತಿಂಗಳದ್ದು 1,200 (2025ರ ದರ). ಮೆಟ್ರೊ ಹಿಡಿಯುವವರಿಗೆ ತಿಂಗಳ ಪಾಸು ದಂಡ. ಓಡಾಟ ಜಾಸ್ತಿ ಇರುವ ದಿನ ದಿನದ ಪಾಸು ತಗೊಳ್ಳಿ. ನಿಲ್ದಾಣದಿಂದ ಒಳಗಿನ ರಸ್ತೆಗಳಿಗೆ ಎಂಎಫ್ ಅಂತ ಶುರುವಾಗುವ ಫೀಡರ್ ಬಸ್ಸುಗಳಿವೆ. ನಮ್ಮ ಬಿಎಂಟಿಸಿ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆ ಕಾಣುತ್ತೆ, ಆದರೆ ಅದರಲ್ಲಿ ತೋರಿಸೋ ಬಸ್ಸೆಲ್ಲ ಬಂದೇ ಬರುತ್ತೆ ಅಂತ ನಂಬಬೇಡಿ.

ಮೀಟರ್ ಮೇಲೆ:
ಅಮ್ಮನ ಬಗ್ಗೆ. ಕಾರಿಲ್ಲ ಅನ್ನೋದು ತಟ್ಟುವುದು ಆಫೀಸಿನ ದಾರಿಯಲ್ಲಲ್ಲ, ಆಸ್ಪತ್ರೆ ಮತ್ತು ರಾತ್ರಿಯಲ್ಲಿ. ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್ ಇರುತ್ತೆ, ಆದರೆ ರಸ್ತೆಯ ಯಾವ ಬದಿಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಹಳೆಯ ಬಸ್ಸುಗಳ ಮೊದಲ ಮೆಟ್ಟಿಲು ಎತ್ತರ, ಮಂಡಿನೋವಿಗೆ ಅದು ಬೇಡವೇ ಬೇಡ. ಆಟೊ ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18, ರಾತ್ರಿ 10ರಿಂದ 5ರವರೆಗೆ ಒಂದೂವರೆ ಪಟ್ಟು. ಮೀಟರ್ ಹಾಕುವವರು ಸಿಗುವುದು ಅಪರೂಪ, ಅದರಲ್ಲೂ ಹತ್ತಿರದ ಬಾಡಿಗೆಗೆ. ಆ್ಯಪ್ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ. ಆಟೊ, ಕ್ಯಾಬ್‌ಗೆ ಅಂತ ತಿಂಗಳಿಗೆ 3,000 ಪಕ್ಕಕ್ಕಿಟ್ಟರೂ ಕಾರಿನ ಕಂತಿಗಿಂತ ಎಷ್ಟೋ ಕಮ್ಮಿ.

ಊರಿಗೆ ಹೋಗಿಬರೋದು ಸುಲಭ. ವಾಪಸ್ ಬರುವಾಗ ಯಶವಂತಪುರದಲ್ಲಿ ಇಳಿದರೆ ಹಸಿರು ಮಾರ್ಗ, ಜಯನಗರಕ್ಕೆ ನೇರ. ಭಾನುವಾರ ಮೆಟ್ರೊ ಬೆಳಿಗ್ಗೆ 7ಕ್ಕೆ ಶುರು, ಆ ದಿನ ನಸುಕಿಗೆ ಇಳಿಯುವ ರೈಲು ಬುಕ್ ಮಾಡಿದರೆ ಆಟೊದವರ ಕೈಗೆ ಸಿಕ್ಕಿದಿರಿ ಅಂತಲೇ.

ಅಡ್ವಾನ್ಸ್ ಕೊಡುವ ಮುಂಚೆ ನಿಲ್ದಾಣದಿಂದ ಮನೆಗೆ ರಾತ್ರಿ ಎಂಟೂವರೆಗೆ ಒಮ್ಮೆ ನಡೆದು ನೋಡಿ. ಬೀದಿದೀಪ, ಫುಟ್‌ಪಾತ್, ನಾಯಿ ಮೂರೂ ಗೊತ್ತಾಗುತ್ತೆ. ಹದಿನೈದು ನಿಮಿಷ ಮೀರಿದರೆ ಆ ಮನೆ ಬಿಡಿ.