ವಿಂಚೆಸ್ಟರ್ ಮಿಸ್ಟರಿ ಹೌಸ್‌ಗೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ಬೋದಾ?

ಬಸವನಗುಡಿ_ಹುಡುಗಿ:
ಎಲ್ರಿಗೂ ನಮಸ್ಕಾರ, ಕ್ಯಾಲಿಫೋರ್ನಿಯಾ ಬೇ ಏರಿಯಾದಲ್ಲಿರೋರು ಯಾರಾದ್ರೂ ಹೇಳಿ ಪ್ಲೀಸ್. ಅಪ್ಪ ಅಮ್ಮ ಬೆಂಗಳೂರಿಂದ ಬಂದಿದ್ದಾರೆ, ಗೋಲ್ಡನ್ ಗೇಟು, ಲಿವರ್‌ಮೋರ್ ದೇವಸ್ಥಾನ, ಮಾಂಟೆರೆ ಎಲ್ಲಾ ಆಯ್ತು, ಈಗ ಅಪ್ಪ ಯೂಟ್ಯೂಬಲ್ಲಿ ಸ್ಯಾನ್ ಹೋಸೆದು ವಿಂಚೆಸ್ಟರ್ ಮಿಸ್ಟರಿ ಹೌಸ್, ಅದೇ ದೆವ್ವದ ಬಂಗಲೆ ಅಂತಾರಲ್ಲ, ಅದನ್ನ ನೋಡ್ಬಿಟ್ಟು ಹೋಗ್ಲೇಬೇಕು ಅಂತ ಪಟ್ಟು ಹಿಡಿದಿದ್ದಾರೆ. ಅಮ್ಮ ಮಾತ್ರ "ದುಡ್ಡು ಕೊಟ್ಟು ಯಾರಾದ್ರೂ ದೆವ್ವದ ಮನೆಗೆ ಹೋಗ್ತಾರಾ, ನಂಗೆ ಮಂಡಿ ನೋವು ಬೇರೆ" ಅಂತಾರೆ. ಮಗನಿಗೆ ಆರು ವರ್ಷ, ರಾತ್ರಿ ಬಾತ್‌ರೂಮಿಗೂ ಒಬ್ನೇ ಹೋಗಲ್ಲ. ಒಳಗೆ ಹೆದರಿಸೋದು ಏನಾದ್ರೂ ಇರತ್ತಾ? ಮೆಟ್ಲು ಜಾಸ್ತಿನಾ? ಐದು ಜನಕ್ಕೆ ಟಿಕೆಟ್ ಅಂದ್ರೆ ಸುಮಾರಾಗೇ ಆಗತ್ತೆ, ವರ್ತ್ ಇದೆಯಾ?

ಸಾಗರದ_ಮಂಜ:
ಮೇಡಂ ಹಗಲು ಹೊತ್ತಿನ ಟೂರ್‌ನಲ್ಲಿ ಹೆದರಿಸೋದು ಏನಿಲ್ಲ, ಗೈಡ್ ಕತೆ ಹೇಳ್ತಾ ಕರ್ಕೊಂಡು ಹೋಗ್ತಾರೆ ಅಷ್ಟೆ. ಅಕ್ಟೋಬರ್‌ನಲ್ಲಿ ಹ್ಯಾಲೋವೀನ್‌ಗೆ ರಾತ್ರಿ ಹೊತ್ತು ಬೇರೆ ಶೋ ಇರತ್ತೆ, ಅದಕ್ಕೆ ಮಾತ್ರ ಮಗುನ ಕರ್ಕೊಂಡು ಹೋಗ್ಬೇಡಿ. ನಡೆಯೋದು ಮಾತ್ರ ಜಾಸ್ತಿ, ಒಂದು ಗಂಟೆ ಮೇಲೇ ಆಗತ್ತೆ, ವೀಲ್‌ಚೇರ್ ಒಳಗೆ ಹೋಗಲ್ಲ, ಸ್ಟ್ರೋಲರ್ ಕೂಡ ಬಿಡಲ್ಲ, ದಾರಿ ಎಷ್ಟು ಸುತ್ತು ಅಂದ್ರೆ ಗೈಡ್ ಬಿಟ್ಟು ಹಿಂದೆ ಉಳಿದ್ರೆ ಕಷ್ಟ. 160 ರೂಮು, 2,000 ಬಾಗ್ಲು, 47 ಕಡೆ ಮೆಟ್ಲು. ಆದ್ರೆ ಒಂದು ಮೆಟ್ಲು ನಿಮ್ಮಮ್ಮಂಗೆ ಅಂತಾನೇ ಕಟ್ಟಿದ ಹಾಗಿದೆ: ಒಂದೊಂದು ಮೆಟ್ಲೂ ಎರಡು ಇಂಚು ಚಿಲ್ರೆ ಎತ್ತರ ಅಷ್ಟೆ, ಏಳು ತಿರುವು, 44 ಮೆಟ್ಲು ಹತ್ತಿದ್ರೂ ಮೇಲೆ ಹೋಗಿರೋದು ಸುಮಾರು ಒಂಬತ್ತು ಅಡಿ. ನೋಡೋರು ಇದೂ ದೆವ್ವಕ್ಕೆ ದಾರಿ ತಪ್ಸೋಕೆ ಅಂತಾರೆ, ನಿಜ ಏನಂದ್ರೆ ಮನೆ ಕಟ್ಟಿಸಿದ ಸಾರಾ ವಿಂಚೆಸ್ಟರ್ ಅನ್ನೋ ಯಮ್ಮಂಗೆ ಸಂಧಿವಾತ ಇತ್ತು, ಕಾಲು ಎತ್ತಿ ಇಡೋಕೆ ಆಗ್ತಿರ್ಲಿಲ್ಲ.

ಧಾರವಾಡ_ಫೇಡಾ:
ಅಕ್ಕಾರ, ಹೋಗ್ರಿ, ಆದ್ರ ಗೈಡ್ ಹೇಳಿದ್ದೆಲ್ಲಾ ನಂಬಬ್ಯಾಡ್ರಿ. ಗಂಡ ವಿಲಿಯಂ ವಿಂಚೆಸ್ಟರ್, ಬಂದೂಕು ಕಂಪನಿ ಮನೆತನದಾವ, 1881ರಾಗ ಟಿಬಿ ಆಗಿ ತೀರಿಕೊಂಡ, ಅದಕ್ಕೂ ಮೊದ್ಲ 1866ರಾಗ ಹಸುಗೂಸು ಮಗಳು ಹೋಗಿದ್ಲು. ಸಾರಾ ಬಾಯಿ 1886ರಾಗ ಇಲ್ಲಿ ಒಂದು ಸಣ್ಣ ತೋಟದ ಮನಿ ತಗೊಂಡು, 1922ರಾಗ ತಾ ಸಾಯೂತನಾ ಕಟ್ಟಿಸ್ಕೋತನ ಇದ್ಲು. ಬಂದೂಕಿನಿಂದ ಸತ್ತವ್ರ ಆತ್ಮ ಕಾಡ್ತಾವು, ಕಟ್ಟೂದು ನಿಲ್ಸಿದ್ರ ನೀ ಸಾಯ್ತಿ ಅಂತ ಯಾರೋ ದೆವ್ವ ಮಾತಾಡ್ಸಾಕಿ ಹೇಳಿದ್ಲು ಅನ್ನೂದು ಕತಿ. ಹಗಲೂ ರಾತ್ರಿ ಕೆಲಸ ನಡೀತಿತ್ತು ಅಂತಾರಲ್ಲ, ಆಕಿ ಪತ್ರದಾಗ ಆಕೀನ ಬರದಾಳ್ರಿ, ಆಗಾಗ ಕೆಲಸದವ್ರನ್ನ ರಜಾ ಕೊಟ್ಟು ಕಳಿಸ್ತಿದ್ಲು ಅಂತ. ಆಕಿ ಬದುಕಿದ್ದಾಗ್ಲೇ ಇಲ್ಲಿನ ಪೇಪರ್‌ನವ್ರು ಬಾಯಿಗೆ ಬಂದ ಹಂಗ ಬರೀತಿದ್ರು, ಆಕಿ ಯಾರ ಜೋಡೀನೂ ಹೆಚ್ಚು ಬೆರೀತಿರ್ಲಿಲ್ಲ, ಉತ್ತರಾನೂ ಕೊಡ್ಲಿಲ್ಲ. ಸತ್ತ ಮುಂದಿನ ವರ್ಷಾನ, 1923ರಾಗ, ಮನೀ ಬಾಡಿಗಿ ಹಿಡದು ಟಿಕೆಟ್ ಇಟ್ಟಾವ ಯಾರು ಗೊತ್ತೇನ್ರಿ? ಅಮ್ಯೂಸ್‌ಮೆಂಟ್ ಪಾರ್ಕ್ ಆಟ ಕಟ್ಟೂ ಮನುಷ್ಯಾ. ಇನ್ನ ದೆವ್ವ ಬರ್ದ ಇರ್ತಾವೇನ್ರಿ ಮತ್ತ!

ಗಾಜಿನಮನೆ:
ದೆವ್ವ ಬಿಡಿ, ಕುಸುರಿ ಕೆಲಸ ನೋಡೋಕೆ ಹೋಗಿ. ಜೇಡರ ಬಲೆ ಡಿಸೈನಿನ ಬಣ್ಣದ ಗಾಜಿನ ಕಿಟಕಿ, ಮರದ ನೆಲ. ನಂಗೆ ತುಂಬ ಇಷ್ಟ ಆಗಿದ್ದು ಗಿಡ ಬೆಳೆಸೋ ರೂಮು, ನೆಲದ ಹಲಗೆ ಎತ್ತಿದ್ರೆ ಕೆಳಗೆ ಸತುವಿನ ತಗಡು, ಗಿಡಕ್ಕೆ ಹಾಕಿದ್ರಲ್ಲಿ ಹೆಚ್ಚಾದ ನೀರು ಹರಿದು ಕೆಳಗಿನ ತೋಟಕ್ಕೆ ಹೋಗತ್ತೆ, ಆ ಕಾಲದಲ್ಲಿ ಇಷ್ಟು ಯೋಚನೆ ಮಾಡಿ ಕಟ್ಟಿಸಿದ ಹೆಂಗಸಿಗೆ ಗಂಡಸಾಗಿದ್ರೆ ಹವ್ಯಾಸಿ ಆರ್ಕಿಟೆಕ್ಟ್ ಅಂದಿರೋರು, ಹೆಂಗಸು ಅದೂ ವಿಧವೆ ಅಂತ ಹುಚ್ಚಿ ಮಾಡಿದ್ರು. ಗಂಡನ ಹೆಸ್ರಲ್ಲಿ ನ್ಯೂ ಹೇವನ್ ಹತ್ರ ಟಿಬಿ ಆಸ್ಪತ್ರೆಗೆ ದುಡ್ಡು ಕೊಟ್ಟಿದ್ದು ಯಾರಿಗೂ ನೆನಪಿಲ್ಲ. ಎರಡನೇ ಮಹಡೀಲಿ ಹೊರಗಡೆ ಗಾಳಿಗೆ ತೆರೆಯೋ ಬಾಗ್ಲು ಇದ್ಯಲ್ಲ, ಅಂಥದ್ದು ಎಷ್ಟೋ 1906ರ ಭೂಕಂಪದಲ್ಲಿ ಆಚೆ ಕಡೆ ಬಿದ್ದು ಹೋಗಿದ್ದಕ್ಕೆ ಆಗಿದ್ದು. ಏಳು ಅಂತಸ್ತಿನ ಗೋಪುರಾನೇ ಕುಸಿದಿತ್ತು, ಈಗ ಮನೇಲಿ ನಾಲ್ಕು ಅಂತಸ್ತು ಮಾತ್ರ ಉಳಿದಿರೋದು.

ಅಮಾವಾಸ್ಯೆ_ಶಂಕ್ರ:
ಎಲ್ಲಾ ಲಾಜಿಕ್ ಹೇಳ್ತೀರ ಸರಿ ಗುರು, ಛಾವಣಿಗೆ ಹೋಗಿ ಡಿಕ್ಕಿ ಹೊಡೆಯೋ ಮೆಟ್ಲಿಗೆ ಏನು ಹೇಳ್ತೀರಾ? ಎಲ್ಲದ್ರಲ್ಲೂ 13 ಯಾಕೆ, ಬಾತ್‌ರೂಮೂ 13? ನಾನು ಹೋದಾಗ ಆ ಸೆಯಾನ್ಸ್ ರೂಮಲ್ಲಿ, ಅದೇ ಆತ್ಮಗಳನ್ನ ಕರೆಯೋ ರೂಮಲ್ಲಿ, ಕೈ ಮೇಲೆ ಕೂದ್ಲು ನಿಂತಿತ್ತು, ನಂಬೋದು ಬಿಡೋದು ನಿಮ್ಮಿಷ್ಟ.

ಸಾಗರದ_ಮಂಜ:
@ಅಮಾವಾಸ್ಯೆ_ಶಂಕ್ರ ಚಳಿಗಾಲದಲ್ಲಿ ಹೋಗಿದ್ರಾ, ಒಳಗೆ ಹೀಟರ್ ಸರಿಯಾಗಿ ಇಲ್ಲ ಮಾರಾಯ, ಎಲ್ರಿಗೂ ಕೂದ್ಲು ನಿಲ್ಲತ್ತೆ 😄

ಧಾರವಾಡ_ಫೇಡಾ:
ಆ ಛಾವಣಿ ಮೆಟ್ಲು ಭೂಕಂಪದಾಗ ಬಿದ್ದ ಮ್ಯಾಲೆ ಅರ್ಧಕ್ಕ ಮುಚ್ಚಿದ ಕೆಲಸಾನೂ ಇರಬಹುದು, ಪ್ಲಾನ್ ಇಲ್ದ ಮನಸಿಗೆ ಬಂದ ಹಂಗ ಕಟ್ಟಿ ಕೆಡವಿದ್ದೂ ಇರಬಹುದು. ನಮ್ಮೂರ ಕಡೆ ಅಣ್ಣತಮ್ಮಂದ್ರು ಪಾಲಾದ ವಾಡೆ ನೋಡ್ರಿ, ಅಲ್ಲೂ ಮೆಟ್ಲು ಗ್ವಾಡಿಗೆ ಹೋಗಿ ನಿಂತಿರ್ತಾವು.

ಬಸವನಗುಡಿ_ಹುಡುಗಿ:
ಥ್ಯಾಂಕ್ಸ್ ಎಲ್ರಿಗೂ, ಅಮ್ಮಂಗೆ ಓದಿ ಹೇಳ್ದೆ. ಎರಡಿಂಚು ಮೆಟ್ಲು ಅಂದಿದ್ದಕ್ಕೆ ಅರ್ಧ ಒಪ್ಕೊಂಡ್ರು, ಗಿಡದ ರೂಮು ಅಂದಿದ್ದಕ್ಕೆ ಪೂರ್ತಿ. ಆದ್ರೂ ಹೊರಡೋ ಮುಂಚೆ ನಮ್ಮನೆ ಬಾಗ್ಲ ಮೇಲೆ "ನಾಳೆ ಬಾ" ಅಂತ ಬರೀತಾರಂತೆ, ಏನಾದ್ರೂ ಹಿಂದೆ ಬಂದ್ಬಿಟ್ರೆ ಅಂತ. ಅಪಾರ್ಟ್‌ಮೆಂಟ್ ಮ್ಯಾನೇಜರ್‌ಗೆ ಏನು ಹೇಳ್ಲಿ?

ಗಾಜಿನಮನೆ:
ಇಲ್ಲಿನ ದೆವ್ವಕ್ಕೆ ಕನ್ನಡ ಓದೋಕೆ ಬರಬೇಕಲ್ಲಾ 😂 ಬೆಳಗಿನ ಸ್ಲಾಟ್ ಬುಕ್ ಮಾಡಿ, ಮಧ್ಯಾಹ್ನ ಒಳಗೆ ಸೆಖೆ ಆಗತ್ತೆ. ಎದುರಿಗೇ ಸಂತಾನಾ ರೋ ಅನ್ನೋ ಅಂಗಡಿ ಬೀದಿ ಇದೆ, ಮುಗಿಸ್ಕೊಂಡು ಅಮ್ಮನ್ನ ಅಲ್ಲಿ ಬೆಂಚ್ ಮೇಲೆ ಕೂರ್ಸಿ, ಮಗನಿಗೆ ಐಸ್‌ಕ್ರೀಂ ಕೊಡ್ಸಿ.