ಸಹಾಯ ಬೇಕು: ಕ್ಯಾನ್ವಾಸ್ ಹಿಂದೆ ಬೂಷ್ಟು, ಒಣ ಜಾಗವೂ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಆಯಿಲ್ ಪೇಂಟಿಂಗ್ ಮಾಡಿಯೇ ಜೀವನ ನಡೆಸುವವನು. ಬೆಂಗಳೂರಿನ ಹನುಮಂತನಗರದಲ್ಲಿ ಕೆಳಗಿನ ಮನೆಯ ಒಂದು ರೂಮೇ ನನ್ನ ಸ್ಟುಡಿಯೋ. ಈ ಮಳೆಗೆ ಒಂದು ಗೋಡೆ ಪೂರ್ತಿ ತೇವ ಹಿಡಿದಿದೆ. ಗೋಡೆಯಿಂದ ದೂರ ಇಟ್ಟರೂ ಕ್ಯಾನ್ವಾಸ್‌ಗಳ ಹಿಂಭಾಗಕ್ಕೆ ಬೂದು ಬೂಷ್ಟು ಬಂದಿದೆ.

ಮುಂಭಾಗದ ಬಣ್ಣ ಇನ್ನೂ ಚೆನ್ನಾಗಿದೆ. ಆದರೆ ಆಯಿಲ್ ಬಣ್ಣ ನೀರಿನ ಬಣ್ಣದಂತೆ ಬೇಗ ಆರುವುದಿಲ್ಲ. ಅದರ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ದಪ್ಪಗೆ ಹಚ್ಚಿದ್ದರೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಬಿಸಿಲಿಗೆ ಇಡಲು, ಹೀಟರ್ ಹಾಕಲು ಧೈರ್ಯ ಬರುತ್ತಿಲ್ಲ. ಬಿರುಕು ಬಿಟ್ಟರೆ ಏನು ಮಾಡೋದು?

ಬೂಷ್ಟನ್ನು ಮೆತ್ತನೆ ಬ್ರಷ್‌ನಿಂದ ಉಜ್ಜಿ ತೆಗೆದರೆ ಸಾಕಾ, ಸ್ಪಿರಿಟ್‌ನಲ್ಲಿ ಒರೆಸಬೇಕಾ? ಸ್ಪಿರಿಟ್ ಕ್ಯಾನ್ವಾಸ್ ಬಟ್ಟೆಯೊಳಗೆ ಇಳಿದು ಪ್ರೈಮರ್ (ಬಣ್ಣದ ಕೆಳಗೆ ಮೊದಲು ಹಚ್ಚುವ ಲೇಪ) ಸಡಿಲವಾದೀತು ಅಂತ ಭಯ. ಸ್ವತಃ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಇವನ್ನೇ ಒಯ್ಯುವ ಆಸೆ. ಗ್ಯಾಲರಿ ಮೆಟ್ಟಿಲು ಹತ್ತದ ಜನರೂ ಅಲ್ಲಿ ನಿಂತು ನೋಡುತ್ತಾರೆ, ಬೆಲೆ ಕೇಳುತ್ತಾರೆ, ಮಕ್ಕಳಿಗೆ ತೋರಿಸುತ್ತಾರೆ. ನಮ್ಮಂಥವರಿಗೆ ಅದು ತುಂಬಾ ದೊಡ್ಡದು, ಅಲ್ವಾ?

ಅಲ್ಲಿವರೆಗೆ ಬಸವನಗುಡಿ, ಚಾಮರಾಜಪೇಟೆ ಕಡೆ ಯಾರಾದರೂ ಮಹಡಿ ಮೇಲಿನ ಒಣ ರೂಮಿನಲ್ಲಿ ಸ್ವಲ್ಪ ಜಾಗ ಕೊಡಬಹುದಾ? ಗಾಳಿ ಆಡಿದರೆ ಸಾಕು. ಅಲ್ಲಿ ಪೇಂಟ್ ಮಾಡುವುದಿಲ್ಲ, ಟರ್ಪೆಂಟೈನ್ ಡಬ್ಬಿಯನ್ನೂ ತರುವುದಿಲ್ಲ. ಕ್ಯಾನ್ವಾಸ್ ಸುಮ್ನೆ ನಿಲ್ಲಿಸಿಡುವುದಷ್ಟೇ. ದೊಡ್ಡದು ನಾಲ್ಕು ಅಡಿ ಅಗಲವಿದೆ. ಬಾಡಿಗೆ ಕೊಡುತ್ತೇನೆ. ಚೆನ್ನಾಗಿ ಒಣಗಿದ ಮರದಲ್ಲಿ ಸ್ಟ್ರೆಚರ್ ಫ್ರೇಮ್ (ಕ್ಯಾನ್ವಾಸ್ ಎಳೆದು ಬಿಗಿಯುವ ಚೌಕಟ್ಟು) ಮಾಡುವ ಬಡಗಿ ಗೊತ್ತಿದ್ದರೆ ಅದನ್ನೂ ತಿಳಿಸಿ.